ಡೆಕ್ ಕಾರ್ಪೆಟ್ ಕಿತ್ತು ಜಾರದ ಕೋಟಿಂಗ್ ಹಾಕಬೇಕು, ಯಾವುದು ಬಾಳಿಕೆ ಬರುತ್ತದೆ?

ಗಾಳಗಾರ

ಎಲ್ಲರಿಗೂ ನಮಸ್ಕಾರ. ನನ್ನದು 16 ಅಡಿಯ ಅಲ್ಯೂಮಿನಿಯಂ ಬೋಟ್. ಮೀನು ಹಿಡಿಯೋಕೆ ಬಿಟ್ಟರೆ ಬೇರೆ ಕೆಲಸಕ್ಕೆ ಬಳಸುವುದಿಲ್ಲ. ಡೆಕ್ ಪ್ಲೈವುಡ್‌ದು, ಅದರ ಮೇಲೆ ಬೂದು ಬಣ್ಣದ ಕಾರ್ಪೆಟ್ ಅಂಟಿಸಿದ್ದಾರೆ. ಸಾಮಾನು ಇಡುವ ಗೂಡುಗಳ ಮುಚ್ಚಳಗಳು ಅಲ್ಯೂಮಿನಿಯಂ, ಅವಕ್ಕೂ ಅದೇ ಕಾರ್ಪೆಟ್.

ಈಗ ಅದರ ಆಯಸ್ಸು ಮುಗಿದಿದೆ. ಮಳೆ ನಿಂತು ಒಳ್ಳೆ ಬಿಸಿಲು ಬಿದ್ದ ಮೇಲೂ ಕಾಲಿಟ್ಟರೆ ಪಿಚಕ್ ಅಂತ ನೀರು ಬರುತ್ತದೆ. ಮುಗ್ಗಲು ವಾಸನೆ ಬೇರೆ. ಗಾಳದ ಮುಳ್ಳು ನೂಲಿಗೆ ಸಿಕ್ಕಿಕೊಂಡರೆ ಬಿಡಿಸುವ ಹೊತ್ತಿಗೆ ಮೀನು ಹೋಗಿರುತ್ತದೆ. ಮತ್ತೆ ಹೊಸ ಕಾರ್ಪೆಟ್ ಹಾಕುವ ಮನಸ್ಸಿಲ್ಲ. ಪೇಂಟ್ ತರಹ ಹಚ್ಚುವ, ಜಾರದ ಕೋಟಿಂಗ್ ಹಾಕೋಣ ಅಂತಿದ್ದೇನೆ.

ಕೇಳಬೇಕಾದ್ದು ಇಷ್ಟು. ರಬ್ಬರ್ ಕಾಳಿನದು, ಮರಳಿನದು, ಟ್ರಕ್ ಹಿಂಭಾಗಕ್ಕೆ ಹೊಡೆಯುವ ಲೈನರ್, ಇವುಗಳಲ್ಲಿ ಯಾವುದು? ಹಳೇ ಅಂಟಿನ ಮೇಲೇ ಹಚ್ಚಬಹುದಾ? ಪ್ಲೈವುಡ್ ಬದಲಿಸಲೇಬೇಕಾ?

ಪೇಂಟ್ ಮೇಷ್ಟ್ರು

ಕೋಟಿಂಗ್ ಮಾತು ಆಮೇಲೆ. ಅಡಿಯಲ್ಲಿ ಮರ ಉಳಿದಿದೆಯಾ ಅನ್ನೋದನ್ನ ಮೊದಲು ನೋಡಿ.

ಬೋಟ್ ಕಾರ್ಪೆಟ್‌ನ ನೂಲು ಸಾಮಾನ್ಯವಾಗಿ ಪಾಲಿಪ್ರೊಪಿಲೀನ್. ಅದು ನೀರು ಹೀರುವುದಿಲ್ಲ, ಕೊಳೆಯುವುದೂ ಇಲ್ಲ. ತೊಂದರೆ ಇರುವುದು ನೂಲಿನ ಸಂದಿಯಲ್ಲಿ ನಿಲ್ಲುವ ನೀರಿನಲ್ಲಿ. ಆ ನೀರಿಗೆ ಗಾಳಿಯೂ ಸಿಗುವುದಿಲ್ಲ, ಬಿಸಿಲೂ ಸಿಗುವುದಿಲ್ಲ. ಸ್ಕ್ರೂ ತೂತು ಎಲ್ಲಿದೆಯೋ ಅಲ್ಲಿಂದ ನಿಧಾನವಾಗಿ ಪ್ಲೈವುಡ್ ಒಳಗೆ ಇಳಿಯುತ್ತದೆ. ಮೇಲೆ ಕಾರ್ಪೆಟ್ ಚೆನ್ನಾಗಿಯೇ ಕಾಣುತ್ತಿರುತ್ತದೆ, ಕೆಳಗೆ ಮರ ಪುಡಿಯಾಗಿರುತ್ತದೆ.

ಕಾರ್ಪೆಟ್ ಕಿತ್ತ ಮೇಲೆ ಸ್ಕ್ರೂಡ್ರೈವರ್ ಹಿಡಿಯಿಂದ ಅಂಗೈ ಅಗಲಕ್ಕೊಂದು ಏಟಿನಂತೆ ತಟ್ಟುತ್ತಾ ಹೋಗಿ. ಗಟ್ಟಿ ಮರ ಟಕ್ ಟಕ್ ಅನ್ನುತ್ತದೆ, ಕೊಳೆತದ್ದು ದಪ್ ಅನ್ನುತ್ತದೆ. ಕಾರ್ಪೆಟ್ ಇರುವಾಗಲೇ ತಟ್ಟಿ ನೋಡಬೇಡಿ, ಆಗ ಎಲ್ಲವೂ ದಪ್ ಅನ್ನುತ್ತದೆ. ಅನುಮಾನ ಬಂದ ಕಡೆ ಚೂಪಾದ ದಬ್ಬಳ ಚುಚ್ಚಿ. ಒಳಗೆ ಸಲೀಸಾಗಿ ಹೋದರೆ ಅಷ್ಟು ಭಾಗ ಕತ್ತರಿಸಿ ತೆಗೆಯಬೇಕು, ಬೇರೆ ದಾರಿ ಇಲ್ಲ.

ಹೆಚ್ಚು ಅನುಮಾನ ಪಡಬೇಕಾದ ಜಾಗಗಳು: ಸೀಟಿನ ಕಂಬದ ಬುಡ, ಹಿಂಭಾಗದ ಮೂಲೆ, ಮುಚ್ಚಳದ ತೂತಿನ ಕತ್ತರಿಸಿದ ಅಂಚು.

ಅಂಟಿನ ಮೇಲೆ ಹಚ್ಚಬಹುದಾ ಅಂದಿರಿ. ಬೇಡ. ಕೋಟಿಂಗ್ ಮರಕ್ಕೆ ಅಂಟುವುದಿಲ್ಲ, ಅಂಟಿಗೆ ಅಂಟುತ್ತದೆ. ಬಿಸಿಲಿಗೆ ಅಂಟು ಮೆತ್ತಗಾದಾಗ ಎರಡೂ ಒಟ್ಟಿಗೆ ಹಾವಿನ ಪೊರೆಯ ಹಾಗೆ ಬಿಟ್ಟುಕೊಳ್ಳುತ್ತವೆ.

ನೀರ್ಕೋಳಿ

ಎಲ್ಲರೂ ಕಾರ್ಪೆಟ್ ಮೇಲೆ ಮುಗಿಬಿದ್ದಿದ್ದೀರಿ, ಅದರ ಪರವಾಗಿ ನಾನೊಂದು ಮಾತು ಹೇಳುತ್ತೇನೆ. ಅಲ್ಯೂಮಿನಿಯಂ ಬೋಟ್‌ನಲ್ಲಿ ಕಾರ್ಪೆಟ್ ಸದ್ದು ತಡೆಯುತ್ತದೆ. ಸೀಸದ ಗುಂಡೊಂದು ಕೈತಪ್ಪಿ ಬಿದ್ದರೆ ಗಟ್ಟಿ ಡೆಕ್‌ನಲ್ಲಿ ಇಡೀ ಬೋಟ್ ಠಣ್ ಅನ್ನುತ್ತದೆ. ನೀರು ಆಳ ಇಲ್ಲದ ಕಡೆ ಮೀನು ಹಿಡಿಯುವವರಿಗೆ ಇದು ಸಣ್ಣ ವಿಷಯ ಅಲ್ಲ. ಬಿಸಿಲಲ್ಲಿ ಬರಿಗಾಲಿಗೂ ಕಾರ್ಪೆಟ್ ಹಿತ.

ಬೋಟ್ ಸೂರಿನಡಿ ನಿಲ್ಲಿಸಿ, ಗೂಡುಗಳ ಮುಚ್ಚಳ ತೆಗೆದಿಟ್ಟು ಗಾಳಿ ಆಡಿಸಿದರೆ ಕಾರ್ಪೆಟ್ ಚೆನ್ನಾಗಿಯೇ ಬಾಳುತ್ತದೆ. ಅರ್ಧ ತಪ್ಪು ಕಾರ್ಪೆಟ್‌ದು, ಅರ್ಧ ಒದ್ದೆ ಬೋಟ್ ಮೇಲೆ ಟಾರ್ಪಾಲ್ ಬಿಗಿದು ಮನೆಗೆ ಹೋಗುವವರದು.

ಗಾಳಗಾರ

ನೀರ್ಕೋಳಿ ಅವರೇ, ನನಗೆ ಸೂರು ಇಲ್ಲ, ಬೋಟ್ ಬಯಲಲ್ಲೇ ಇರುತ್ತದೆ. ಸದ್ದಿನ ಮಾತು ಮಾತ್ರ ತಲೆಗೆ ಹೊಕ್ಕಿತು, ಅದನ್ನು ಯೋಚಿಸಿರಲಿಲ್ಲ. ಆದರೂ ಕಾರ್ಪೆಟ್ ಬೇಡ ಅಂತಲೇ ತೀರ್ಮಾನ. ಕೀಳುವುದು ಹೇಗೆ ಅಂತ ಯಾರಾದರೂ ಹೇಳಿ.

ಹಳೇ ಹುಟ್ಟು

ಕಾರ್ಪೆಟ್ ಕೀಳುವುದು ಸುಲಭ ಗುರುಗಳೇ, ಅಂಟು ಕೀಳುವುದೇ ಶಿಕ್ಷೆ.

ಮೊದಲು ಸೀಟು, ಕ್ಲೀಟು (ಹಗ್ಗ ಕಟ್ಟುವ ಗೂಟ), ಹಿಂಜು ಎಲ್ಲ ಬಿಚ್ಚಿ. ಬಿಚ್ಚುವ ಮುಂಚೆ ಫೋಟೋ ತೆಗೆದುಕೊಳ್ಳಿ. ಒಂದೊಂದು ಮುಚ್ಚಳದ ಅಡಿಯಲ್ಲೂ ಅದು ಯಾವ ಗೂಡಿನದು, ಯಾವ ಕಡೆ ಮುಂದೆ ಅಂತ ಮಾರ್ಕರ್‌ನಲ್ಲಿ ಬರೆಯಿರಿ. ನೋಡೋಕೆ ಒಂದೇ ತರಹ ಇದ್ದರೂ ಒಂದರ ಮುಚ್ಚಳ ಇನ್ನೊಂದಕ್ಕೆ ಕೂರುವುದಿಲ್ಲ.

ಆಮೇಲೆ ಕೊಕ್ಕೆ ಬ್ಲೇಡಿನ ಚಾಕುವಿನಿಂದ ಕಾರ್ಪೆಟನ್ನು ಗೇಣು ಅಗಲದ ಪಟ್ಟಿಗಳಾಗಿ ಸೀಳಿ. ಒಂದು ತುದಿ ಎಬ್ಬಿಸಿ, ಇಕ್ಕಳದಲ್ಲಿ ಹಿಡಿದು, ನೇರ ಮೇಲಕ್ಕೆ ಎಳೆಯುವ ಬದಲು ಪಟ್ಟಿಯನ್ನು ಅದರ ಬೆನ್ನ ಮೇಲೇ ಮಡಚಿಕೊಂಡು ಹಿಂದಕ್ಕೆ ಎಳೆಯಿರಿ. ಹೀಗೆ ಎಳೆದರೆ ಅಡಿಯ ರಬ್ಬರ್ ಪದರವೂ ಜೊತೆಗೆ ಬರುವುದು ಜಾಸ್ತಿ. ಬರದ ಕಡೆ ಹೀಟ್ ಗನ್ ಹಿಡಿಯಿರಿ. ಬಿಸಿ ಬೀಳಬೇಕಾದ್ದು ಕಾರ್ಪೆಟ್ ಮೇಲಲ್ಲ, ಕಾರ್ಪೆಟ್ ಮರದಿಂದ ಬಿಡುತ್ತಿರುವ ಗೆರೆಯ ಮೇಲೆ.

ಉಳಿದ ಅಂಟಿಗೆ ಸ್ಯಾಂಡರ್ ಹಿಡಿದರೆ ಕೆಲಸ ಕೆಡುತ್ತದೆ. ತಿಕ್ಕಿದ ಬಿಸಿಗೆ ಅಂಟು ಕರಗಿ ಪೇಪರ್‌ಗೆ ಮೆತ್ತಿಕೊಳ್ಳುತ್ತದೆ, ಪೇಪರ್ ಮೇಲೆ ಪೇಪರ್ ಹಾಳು. ಬೆಳಗಿನ ತಂಪು ಹೊತ್ತಲ್ಲಿ ಚೂಪಾದ ಸ್ಕ್ರೇಪರ್ ಹಿಡಿದು ಹೆರೆದು ನೋಡಿ. ತಣ್ಣಗಿರುವಾಗ ಅಂಟು ಗಡುಸಾಗಿ ಚಕ್ಕೆಚಕ್ಕೆಯಾಗಿ ಏಳುತ್ತದೆ. ಬಿಸಿಲೇರಿದ ಮೇಲೆ ಅದೇ ಅಂಟು ಲೊಳಲೊಳ. ಬಹುಪಾಲು ಹೋದ ಮೇಲೆ 40 ನಂಬರ್ ಪೇಪರ್, ಕೊನೆಗೆ 80.

ಅಲ್ಯೂಮಿನಿಯಂ ಮುಚ್ಚಳಗಳಿಗೆ ಮಾಮೂಲಿ ಕಬ್ಬಿಣದ ತಂತಿ ಬ್ರಷ್ ತಾಗಿಸಲೇಬೇಡಿ. ಕಬ್ಬಿಣದ ಚೂರು ಮೆತ್ತನೆ ಅಲ್ಯೂಮಿನಿಯಂ ಒಳಗೆ ಕೂತು ಅಲ್ಲೇ ತುಕ್ಕು ಶುರುವಾಗುತ್ತದೆ. ನೈಲಾನ್ ಚಕ್ರ ಅಥವಾ ಅಂಟು ತೆಗೆಯುವ ಜೆಲ್ ಸಾಕು.

ತೇಲುಮನೆ

ಮೇಲಿನದಕ್ಕೆ ಒಂದು ಸಾಲು ಸೇರಿಸುತ್ತೇನೆ. ಅಸಿಟೋನ್, ಥಿನ್ನರ್, ಜೆಲ್ ಇವನ್ನೆಲ್ಲ ಬಳಸುವ ದಿನ ಹೀಟ್ ಗನ್ ಪೆಟ್ಟಿಗೆಯೊಳಗೇ ಇರಲಿ. ಗೂಡುಗಳ ತಳದಲ್ಲಿ ಆವಿ ನಿಂತಿರುತ್ತದೆ, ಬೆಂಕಿ ಹತ್ತೋಕೆ ಒಂದು ಕಿಡಿ ಸಾಕು.

ಗಾಳಗಾರ

ಕಿತ್ತಾಯಿತು! ಮೇಷ್ಟ್ರು ಹೇಳಿದ ಹಾಗೇ ಆಯಿತು. ಮುಂದಿನ ಡೆಕ್ ಎಲ್ಲ ಟಕ್ ಟಕ್. ಹಿಂದಿನ ಸೀಟ್ ಕಂಬದ ಸುತ್ತ ಊಟದ ತಟ್ಟೆಯಷ್ಟು ಜಾಗ ದಪ್. ದಬ್ಬಳ ಹಿಡಿಯ ತನಕ ಇಳಿಯಿತು. ಪ್ಲೈವುಡ್‌ನ ಪದರಗಳು ಬೇರೆ ಬೇರೆಯಾಗಿ ಕಪ್ಪಾಗಿವೆ. ಹಿಂದಿನ ಹಲಗೆ ಪೂರ್ತಿ ಬದಲಿಸುತ್ತೇನೆ.

ಮರದ ಅಂಗಡಿಯಲ್ಲಿ ಔಷಧಿ ಕುಡಿಸಿದ ಪ್ಲೈವುಡ್ ಹಾಕಿ, ಕೊಳೆಯುವ ಮಾತೇ ಇಲ್ಲ ಅನ್ನುತ್ತಾರೆ. ಹಾಕಲಾ?

ಪೇಂಟ್ ಮೇಷ್ಟ್ರು

ಮರದ ಬೋಟ್ ಆಗಿದ್ದರೆ ಮಾತಾಡಬಹುದಿತ್ತು, ಅಲ್ಯೂಮಿನಿಯಂ ಬೋಟ್‌ಗೆ ಬೇಡವೇ ಬೇಡ. ಆ ಔಷಧಿಗಳಲ್ಲಿ ಬಹಳಷ್ಟಕ್ಕೆ ತಾಮ್ರವೇ ಮೂಲ. ತಾಮ್ರ ತುಂಬಿದ ಒದ್ದೆ ಮರ ಅಲ್ಯೂಮಿನಿಯಂಗೆ ಒತ್ತಿಕೊಂಡು ಕೂತರೆ ಸವೆಯುವುದು ಅಲ್ಯೂಮಿನಿಯಂ. ಮರ ಉಳಿದು ಬೋಟ್ ತೂತಾಗುತ್ತದೆ.

ಮರೈನ್ ಪ್ಲೈವುಡ್ ಹಾಕಿ, ಬಿಎಸ್ 1088 ಅನ್ನುವ ಬ್ರಿಟಿಷ್ ಮಾನದಂಡದ ದರ್ಜೆಯದು ಸಿಕ್ಕರೆ ಒಳ್ಳೆಯದು. ಮರೈನ್ ಅಂದ ಮಾತ್ರಕ್ಕೆ ಅದು ಕೊಳೆಯುವುದಿಲ್ಲ ಅಂತಲ್ಲ. ಒಳಪದರಗಳಲ್ಲಿ ಪೊಳ್ಳು ಇರುವುದಿಲ್ಲ, ಅಂಟು ನೀರಿಗೆ ಬಿಡುವುದಿಲ್ಲ, ಅಷ್ಟೇ. ಕಾಪಾಡುವ ಕೆಲಸ ಎಪಾಕ್ಸಿಯದು, ಅಂದರೆ ಎರಡು ದ್ರವ ಕಲಸಿ ಹಚ್ಚಿದರೆ ಗಟ್ಟಿಯಾಗುವ ರಾಳದ್ದು.

ಎಪಾಕ್ಸಿ ವಿಷಯದಲ್ಲಿ ನಾಲ್ಕು ಮಾತು ಜಾಸ್ತಿ ಹೇಳುತ್ತೇನೆ, ಯಾಕಂದರೆ ಡೆಕ್ ಉಳಿಯುವುದು ಇದರಿಂದ.

ಮರದ ತೇವ 12 ಶೇಕಡಾ ಆಸುಪಾಸಿನಲ್ಲಿರಲಿ, 15 ದಾಟಿದ್ದರೆ ಇನ್ನೂ ಒಣಗಿಸಿ. ಒದ್ದೆ ಮರಕ್ಕೆ ಎಪಾಕ್ಸಿ ಬಳಿದರೆ ನೀರನ್ನು ಒಳಗೇ ಕೂಡಿಹಾಕಿದ ಹಾಗಾಯಿತು. ಹಚ್ಚುವ ಹೊತ್ತು ಸಂಜೆಯ ಕಡೆಗಿರಲಿ, ಮರ ಬಿಸಿಯಿಂದ ತಣ್ಣಗಾಗುತ್ತಿರಬೇಕು. ತಣ್ಣಗಾಗುವಾಗ ಮರದೊಳಗಿನ ಗಾಳಿ ಕುಗ್ಗಿ ಎಪಾಕ್ಸಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ಬೆಳಗ್ಗೆ ಹಚ್ಚಿ ಬಿಸಿಲು ಏರಿದರೆ ಅದೇ ಗಾಳಿ ಹಿಗ್ಗಿ ಮೈಯೆಲ್ಲ ಗುಳ್ಳೆ.

ಎರಡೂ ಮುಖಕ್ಕೆ ಹಚ್ಚಿ. ಜನ ಮೇಲ್ಮುಖಕ್ಕೆ ಮೂರು ಕೋಟ್ ಕೊಟ್ಟು ಕೆಳಮುಖ ಹಾಗೇ ಬಿಡುತ್ತಾರೆ. ತೇವ ಬರುವುದು ಕೆಳಗಿನಿಂದ, ಬೋಟ್ ಹೊಟ್ಟೆಯೊಳಗಿನ ಹಬೆಯಿಂದ. ಕತ್ತರಿಸಿದ ಅಂಚುಗಳಿಗೆ ಅದು ಕುಡಿಯುವುದು ನಿಲ್ಲಿಸುವ ತನಕ ಹಚ್ಚುತ್ತಲೇ ಇರಿ.

ಸ್ಕ್ರೂ ತೂತು ಬೇಕಾದ್ದಕ್ಕಿಂತ ದೊಡ್ಡದಾಗಿ ಕೊರೆದು, ಪುಡಿ ಕಲಸಿ ಮಂದ ಮಾಡಿದ ಎಪಾಕ್ಸಿ ತುಂಬಿ, ಒಣಗಿದ ಮೇಲೆ ಅದರ ನಡುವೆ ಸರಿಯಾದ ಅಳತೆಯ ತೂತು ಕೊರೆಯಿರಿ. ಆಗ ಸ್ಕ್ರೂ ಪಕ್ಕದಲ್ಲಿ ಇಳಿದ ನೀರಿಗೆ ಮರವೇ ಸಿಗುವುದಿಲ್ಲ.

ಒಣಗಿದ ಎಪಾಕ್ಸಿ ಮೇಲೆ ಕೈಯಾಡಿಸಿದರೆ ಕೆಲವೊಮ್ಮೆ ಮೇಣದಂಥ ಜಿಡ್ಡು ತಾಗುತ್ತದೆ. ಅದು ನೀರಿಗೆ ಹೋಗುತ್ತದೆ, ಥಿನ್ನರ್ ಬೇಡ. ಸ್ಕ್ರಬ್ಬರ್ ಹಾಕಿ ನೀರಲ್ಲಿ ತಿಕ್ಕಿ ತೊಳೆದು ಒಣಗಿಸಿ, ಆಮೇಲೆ ಸ್ಯಾಂಡಿಂಗ್. ತೊಳೆಯದೆ ಸ್ಯಾಂಡಿಂಗ್ ಮಾಡಿದರೆ ಆ ಜಿಡ್ಡನ್ನೇ ಗೀರುಗಳೊಳಗೆ ತುಂಬಿದಂತೆ. ಎಪಾಕ್ಸಿ ಬಿಸಿಲು ತಾಳುವುದಿಲ್ಲ, ಹಾಗಾಗಿ ಮೇಲೆ ಕೋಟಿಂಗ್ ಬರಲೇಬೇಕು. ಈಗ ನಿಮ್ಮ ಮೊದಲ ಪ್ರಶ್ನೆಗೆ ಬರಬಹುದು.

ತೇಲುಮನೆ

ಬರೋಣ. ನನ್ನದು ಫೈಬರ್‌ಗ್ಲಾಸ್ ಬೋಟ್. ಕಿವಿಗ್ರಿಪ್ ಹಾಕಿದ್ದೇನೆ. ಅದು ನೀರು ಆಧಾರಿತ ಅಕ್ರಿಲಿಕ್, ಪುಟ್ಟಿಯಷ್ಟು ಮಂದ. ಅದರಲ್ಲಿ ಕಾಳು ಇಲ್ಲ, ಒರಟು ಮೇಲ್ಮೈ ಬರುವುದು ಅದಕ್ಕೆಂದೇ ಇರುವ ಒರಟು ರೋಲರ್‌ನಿಂದ. ಕಾಳೇ ಇಲ್ಲದ ಮೇಲೆ ಉದುರುವುದೂ ಇಲ್ಲ. ಕೆಟ್ಟ ವಾಸನೆ ಇಲ್ಲ, ರೋಲರ್ ನೀರಲ್ಲೇ ತೊಳೆಯಬಹುದು. ಒಂದು ಕಡೆ ಏಟು ಬಿದ್ದು ಎದ್ದರೆ ಅಷ್ಟಕ್ಕೇ ತೇಪೆ ಹಾಕಬಹುದು, ಗೆರೆ ಕಾಣುವುದಿಲ್ಲ.

ಕೊರತೆ ಅಂದರೆ ಕೊಳೆ. ಉಬ್ಬುತಗ್ಗಿನಲ್ಲಿ ಮೀನಿನ ರಕ್ತ ಕೂತರೆ ಬ್ರಷ್ ಹಾಕಿ ತಿಕ್ಕಬೇಕು.

ಫೈಬರ್‌ಗ್ಲಾಸ್‌ನವರು ಗಮನಿಸಿ: ಮೊದಲು ವ್ಯಾಕ್ಸ್ ತೆಗೆಯುವ ದ್ರಾವಣದಲ್ಲಿ ಒರೆಸಿ, ಆಮೇಲೆ ಸ್ಯಾಂಡಿಂಗ್. ನೀರು ಚಿಮುಕಿಸಿ ನೋಡಿ. ಹನಿಹನಿಯಾಗಿ ನಿಂತರೆ ವ್ಯಾಕ್ಸ್ ಇನ್ನೂ ಇದೆ, ಹಾಳೆಯಂತೆ ಹರಡಿದರೆ ಹೋಗಿದೆ.

ಹಳೇ ಹುಟ್ಟು

ಅಲ್ಯೂಮಿನಿಯಂ ಮೀನು ಬೋಟ್‌ಗೆ ನನ್ನ ವೋಟು ಪಾಲಿಯುರೆಥೇನ್‌ನಲ್ಲಿ ರಬ್ಬರ್ ಕಾಳು ಕಲಸಿದ ಕೋಟಿಂಗ್‌ಗೆ. ಕಾಲಿಗೆ ಸ್ವಲ್ಪ ಮೆತ್ತಗಿರುತ್ತದೆ, ಸದ್ದೂ ಒಂಚೂರು ಕಮ್ಮಿ, ನೀರ್ಕೋಳಿ ಅವರಿಗೂ ಸಮಾಧಾನ. ಬೋಟ್ ಮೈ ಬಾಗಿದಂತೆ ತಾನೂ ಬಾಗುವುದರಿಂದ ಸುಲಭಕ್ಕೆ ಬಿರುಕು ಬಿಡುವುದಿಲ್ಲ. ಕಾಲು ತಿರುಗಿಸಿ ನಿಲ್ಲುವ ಜಾಗದಲ್ಲಿ, ಅಂದರೆ ಮೋಟಾರ್ ಪೆಡಲ್ ಮುಂದೆ, ಸೀಟಿನ ಬುಡದಲ್ಲಿ, ಕಾಳು ಮೊದಲು ಸವೆಯುತ್ತದೆ. ಅಲ್ಲಿ ಮೊದಲೇ ಒಂದು ಕೋಟ್ ಹೆಚ್ಚು ಕೊಡಿ.

ಡಬ್ಬಿ ಕೊಳ್ಳುವಾಗ ಬಿಸಿಲು ತಾಳುವಂಥದ್ದಾ ಅಂತ ಓದಿ ನೋಡಿ, ಒಳಾಂಗಣಕ್ಕೆ ಮಾತ್ರ ಅಂತ ಬೇರೆ ಬರುತ್ತದೆ. ಇನ್ನೊಂದು, ಒಂದೇ ಡಬ್ಬಿಯ ಪಾಲಿಯುರೆಥೇನ್‌ಗಳು ಹೆಚ್ಚಾಗಿ ಗಾಳಿಯ ತೇವದಿಂದಲೇ ಗಟ್ಟಿಯಾಗುವಂಥವು. ಒಮ್ಮೆ ತೆರೆದ ಡಬ್ಬಿಯನ್ನು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳುವ ಆಸೆ ಬಿಡಿ.

ನೀರ್ಕೋಳಿ

ಮರಳು ಯಾಕೆ ಬೇಡ? ಯಾವುದಾದರೂ ಒಳ್ಳೆ ಪೇಂಟ್, ಮೇಲೆ ಸಣ್ಣ ಮರಳು, ಮೇಲೆ ಇನ್ನೊಂದು ಕೋಟ್. ಖರ್ಚೂ ಕಮ್ಮಿ.

ತೇಲುಮನೆ

ಹಿಡಿತ ಜೋರಾಗಿರುತ್ತದೆ, ಸುಳ್ಳಲ್ಲ. ಆದರೆ ನೀವು ಮೀನು ಎತ್ತಿಕೊಳ್ಳೋಕೆ ಮೊಣಕಾಲೂರುತ್ತೀರಲ್ವಾ? ಎರಡು ಸಲ ಊರಿ, ಆಮೇಲೆ ಹೇಳಿ. ಪ್ಯಾಂಟ್ ಹರಿಯುತ್ತದೆ, ಮಕ್ಕಳು ಬಿದ್ದರೆ ಚರ್ಮ ಕಿತ್ತು ಬರುತ್ತದೆ. ಒಂದು ಮರಳು ಕಾಳು ಎದ್ದರೆ ಅಲ್ಲೊಂದು ಗುಂಡಿ, ಅದರ ತಳದಲ್ಲಿ ಪೇಂಟ್ ತೆಳು. ನೀರು ಇಳಿಯೋಕೆ ಅಷ್ಟು ಸಾಕು. ಪೇಂಟ್ ಜೊತೆ ಹಾಕುವುದೇ ಆದರೆ ಪ್ಲಾಸ್ಟಿಕ್ ಗುಂಡುಗಳ ಪುಡಿ ಸಿಗುತ್ತದೆ, ಅದು ಮೈಗೆ ಚುಚ್ಚುವುದಿಲ್ಲ.

ಒಂದು ಹಳೇ ಉಪಾಯವೂ ಇದೆ. ಹಸಿ ಪೇಂಟ್ ಮೇಲೆ ಸಕ್ಕರೆ ದಟ್ಟವಾಗಿ ಉದುರಿಸುವುದು. ಪೇಂಟ್ ಗಟ್ಟಿಯಾದ ಮೇಲೆ ಬಿಸಿನೀರಲ್ಲಿ ತೊಳೆದರೆ ಸಕ್ಕರೆ ಕರಗಿ, ಅದು ಕೂತಿದ್ದ ಸಣ್ಣ ಸಣ್ಣ ಗುಳಿಗಳು ಉಳಿಯುತ್ತವೆ. ಹಿಡಿತ ಹದವಾಗಿರುತ್ತದೆ. ನೀರು ಆಧಾರಿತ ಪೇಂಟ್‌ಗೆ ಇದು ನಡೆಯುವುದಿಲ್ಲ, ಹಸಿಯಲ್ಲೇ ಕರಗಿ ಅಂಟಾಗುತ್ತದೆ.

ಪೇಂಟ್ ಮೇಷ್ಟ್ರು

ಟ್ರಕ್ ಲೈನರ್ ಬಗ್ಗೆ ಯಾರೂ ಹೇಳಲಿಲ್ಲ. ರ‍್ಯಾಪ್ಟರ್ ಅನ್ನುವ ಬ್ರ್ಯಾಂಡ್ ತರಹದ, ಎರಡು ಭಾಗ ಕಲಸಿ ಹಚ್ಚುವ ಯುರೆಥೇನ್ ಸವೆತಕ್ಕೆ ಬಲು ಗಟ್ಟಿ, ಬಣ್ಣವೂ ಬೇಕಾದ್ದು ಮಾಡಿಸಬಹುದು. ಆದರೆ ಗಟ್ಟಿಕಾರಕದಲ್ಲಿ ಐಸೋಸಯನೇಟ್ ಎಂಬ ರಾಸಾಯನಿಕ ಇರುತ್ತದೆ. ಸ್ಪ್ರೇ ಹೊಡೆಯುವುದಾದರೆ ಹೊರಗಿನ ಗಾಳಿ ಪೈಪ್‌ನಲ್ಲಿ ಬರುವ ಮುಖವಾಡ ಬೇಕು. ಬಟ್ಟೆ ಮಾಸ್ಕ್ ಕಟ್ಟಿಕೊಂಡು ಶೆಡ್‌ನಲ್ಲಿ ಹೊಡೆಯುವ ಕೆಲಸ ಅಲ್ಲ. ಒಮ್ಮೆ ಶ್ವಾಸಕೋಶಕ್ಕೆ ಅದರ ಅಲರ್ಜಿ ಹತ್ತಿದರೆ ಆಮೇಲೆ ಚೂರು ತಾಗಿದರೂ ಉಬ್ಬಸ ಬರುತ್ತದೆ.

ನನ್ನ ಅಭಿಪ್ರಾಯ ಕೇಳಿದರೆ, ಇಲ್ಲಿ ಹೆಸರು ಬಂದ ಮೂರೂ ಬಾಳುತ್ತವೆ. ನೀವು ಯಾವುದನ್ನೇ ಕೊಳ್ಳಿ, ಅದೇ ಡಬ್ಬಿಯವರು ಹೇಳಿದ ಪ್ರೈಮರ್ ಹಾಕಿ. ಅಲ್ಯೂಮಿನಿಯಂ ಮುಚ್ಚಳಗಳನ್ನು ಕೆರೆದ ತಕ್ಷಣವೇ ಗಾಳಿಗೆ ಮತ್ತೆ ಆಕ್ಸೈಡ್ ಪದರ ಕಟ್ಟೋಕೆ ಶುರುವಾಗುತ್ತದೆ. ಇವತ್ತು ಕೆರೆದು ಮುಂದಿನ ಭಾನುವಾರ ಪ್ರೈಮರ್ ಅನ್ನಬೇಡಿ. ಕೆರೆದು, ಒರೆಸಿ, ಅದೇ ದಿನ ಹಚ್ಚಿ.

ಬಣ್ಣ ತಿಳಿ ಬೂದು ಅಥವಾ ಮರಳಿನ ಬಣ್ಣ ಇರಲಿ. ಕಪ್ಪಿಗೆ ಕಾಲು ಸುಡುತ್ತದೆ, ಅಪ್ಪಟ ಬಿಳಿಗೆ ಕಣ್ಣು ಕುಕ್ಕುತ್ತದೆ.

ಗಾಳಗಾರ

ರಬ್ಬರ್ ಕಾಳಿನದೇ ತೆಗೆದುಕೊಂಡೆ, ತಿಳಿ ಬೂದು. ಹಲಗೆಗಳಿಗೆ ಎಪಾಕ್ಸಿ ಮುಗಿದಿದೆ. ಹಚ್ಚುವ ದಿನ ಏನು ನೋಡಿಕೊಳ್ಳಬೇಕು?

ಹಳೇ ಹುಟ್ಟು

ಮೊದಲು ಒಂದು ತುಂಡು ಪ್ಲೈವುಡ್ ಮೇಲೆ ಪ್ರೈಮರ್, ಕೋಟಿಂಗ್ ಎಲ್ಲ ಹಚ್ಚಿ ಒಣಗಿಸಿ. ಸೋಪು ನೀರು ಸುರಿದು ಬರಿಗಾಲಲ್ಲಿ ನಿಲ್ಲಿ, ಮೊಣಕಾಲೂರಿ ನೋಡಿ. ಮೀನಿನ ಲೋಳೆ ಬರೀ ನೀರಿಗಿಂತ ಜಾರುತ್ತದೆ, ಅದಕ್ಕೇ ಸೋಪು. ರೋಲರ್ ಎಷ್ಟು ಒತ್ತಬೇಕು ಅನ್ನೋದೂ ಆ ತುಂಡಿನಲ್ಲೇ ಗೊತ್ತಾಗುತ್ತದೆ.

ಹಚ್ಚುವಾಗ ನೆರಳಿರಲಿ. ಡೆಕ್ ಮೈ ಇಬ್ಬನಿ ಕಟ್ಟುವ ತಾಪಮಾನಕ್ಕಿಂತ ಕನಿಷ್ಠ 3 ಡಿಗ್ರಿ ಬಿಸಿ ಇರಬೇಕು. ಸಂಜೆ ತಡವಾಗಿ ಹಚ್ಚಿ ರಾತ್ರಿ ಇಬ್ಬನಿ ಬಿದ್ದರೆ ಹೊಳಪೂ ಹೋಗುತ್ತದೆ, ಹಿಡಿತವೂ ಹೋಗುತ್ತದೆ.

ಕಾಳು ಡಬ್ಬಿಯ ತಳಕ್ಕೆ ಇಳಿಯುತ್ತಲೇ ಇರುತ್ತದೆ. ರೋಲರ್ ಅದ್ದುವ ಪ್ರತಿ ಸಲ ಕೋಲು ಹಾಕಿ ತಳದಿಂದ ಕದಡಿ. ಇಲ್ಲದಿದ್ದರೆ ಡೆಕ್‌ನ ಒಂದು ತುದಿ ನುಣುಪು, ಇನ್ನೊಂದು ತುದಿ ಮುಳ್ಳು. ದಪ್ಪ ಒಂದು ಕೋಟ್‌ಗಿಂತ ತೆಳು ಎರಡು ಕೋಟ್ ಮೇಲು. ಎರಡನೆಯದನ್ನು ಮೊದಲನೆಯದಕ್ಕೆ ಅಡ್ಡವಾಗಿ ಎಳೆಯಿರಿ.

ಕ್ಲೀಟು, ಹಿಂಜು, ಮುಚ್ಚಳದ ಸುತ್ತ ಎರಡು ಸೆಂಟಿಮೀಟರ್ ಅಂಚನ್ನು ಟೇಪ್ ಹಾಕಿ ನುಣುಪಾಗೇ ಬಿಡಿ. ನೀರು ಆ ದಾರಿಯಲ್ಲಿ ಹರಿದುಹೋಗುತ್ತದೆ, ಸೀಲೆಂಟ್ ಕೂರೋಕೂ ನುಣುಪು ಜಾಗ ಬೇಕು. ಟೇಪಿನ ಮೂಲೆಗಳನ್ನು ನಾಣ್ಯ ಇಟ್ಟು ಗುಂಡಗೆ ಕತ್ತರಿಸಿ, ಚೂಪು ಮೂಲೆಯಿಂದಲೇ ಕೋಟಿಂಗ್ ಏಳುವುದು ಶುರುವಾಗುತ್ತದೆ. ಟೇಪನ್ನು ಹಸಿ ಇರುವಾಗಲೇ ಎಳೆಯಿರಿ.

ಕೊನೆಗೆ ಜೋಡಿಸುವಾಗ ಸ್ಟೇನ್‌ಲೆಸ್ ಸ್ಕ್ರೂ ಅಲ್ಯೂಮಿನಿಯಂಗೆ ಹೋಗುವ ಕಡೆ ಎರಡರ ನಡುವೆ ತುಕ್ಕು ತಡೆಯುವ ಪೇಸ್ಟ್ ಸವರಿ.

ಗಾಳಗಾರ

ಕೆಲಸ ಮುಗಿದು ಬೋಟ್ ನೀರಿಗೂ ಇಳಿಯಿತು. ಒದ್ದೆ ಡೆಕ್ ಮೇಲೆ ಬರಿಗಾಲಲ್ಲಿ ಧೈರ್ಯವಾಗಿ ಓಡಾಡಬಹುದು. ಮುಳ್ಳು ಬಿದ್ದರೆ ಹಾಗೇ ಎತ್ತಿಕೊಳ್ಳುತ್ತೇನೆ, ಅದೇ ದೊಡ್ಡ ಸುಖ. ಪೈಪ್ ಹಿಡಿದರೆ ರಕ್ತ, ಕೆಸರು ಎಲ್ಲ ಹೋಗುತ್ತದೆ.

ಒಂದು ಹೊಸ ತಲೆನೋವು. ಮುಚ್ಚಳಗಳು ಗಡಗಡ ಅಂತಿವೆ. ಅಲೆ ಮೇಲೆ ಹೋಗುವಾಗ ಮಾತು ಕೇಳಿಸುವುದಿಲ್ಲ. ಕಾರ್ಪೆಟ್ ಇದ್ದಾಗ ಹೀಗಿರಲಿಲ್ಲ.

ನೀರ್ಕೋಳಿ

ನಾನು ಹೇಳಿದ್ದೆ ಅಲ್ವಾ! 😄

ಪೇಂಟ್ ಮೇಷ್ಟ್ರು

ಕಾರ್ಪೆಟ್ ಮುಚ್ಚಳದ ಅಂಚಿಗೂ ಮಡಚಿ ಕೂತಿತ್ತು, ಸುತ್ತಲ ಸಂದು ತುಂಬಿತ್ತು. ಈಗ ಆ ದಪ್ಪ ಇಲ್ಲ, ಮುಚ್ಚಳ ಕೆಳಗೂ ಕೂರುತ್ತದೆ, ಪಕ್ಕಕ್ಕೂ ಅಲ್ಲಾಡುತ್ತದೆ. ಗೂಡಿನ ಒಳ ತುಟಿಯ ಮೇಲೆ ನಿಯೋಪ್ರೀನ್ ಫೋಮ್ ಟೇಪ್ ಅಂಟಿಸಿ, ಮುಚ್ಚಳಕ್ಕೆ ಬೇಡ. ಹಳೇ ಕಾರ್ಪೆಟ್ ದಪ್ಪಕ್ಕಿಂತ ತುಸು ದಪ್ಪದ್ದು ತನ್ನಿ, ಮುಚ್ಚಿದಾಗ ಅದು ಅಮುಕಿ ಸರಿಯಾಗಿ ಕೂರುತ್ತದೆ. ಕೋಟಿಂಗ್ ಪೂರ್ತಿ ಗಟ್ಟಿಯಾಗುವ ತನಕ ಕಾಯಿರಿ. ಓಡಾಡೋಕೆ ಗಟ್ಟಿಯಾದರೂ ಒಳಗೆ ಪೂರ್ತಿ ಆಗೋಕೆ ಇನ್ನಷ್ಟು ದಿನ ಬೇಕು, ಡಬ್ಬಿ ಮೇಲೆ ಬರೆದಿರುತ್ತದೆ.

ಸೀಸದ ಪೆಟ್ಟಿಗೆ, ಬ್ಯಾಟರಿ ಇಡುವ ಕಡೆ ಒಂದೊಂದು ರಬ್ಬರ್ ಮ್ಯಾಟ್ ಹಾಸಿ. ಮತ್ತೆ, ಬೋಟ್ ಮೈಗೆ ವ್ಯಾಕ್ಸ್ ಹೊಡೆಯುವಾಗ ಡೆಕ್‌ಗೆ ತಾಗದ ಹಾಗೆ ನೋಡಿಕೊಳ್ಳಿ. ಇಷ್ಟು ಕಷ್ಟಪಟ್ಟು ತಂದ ಹಿಡಿತ ಒಂದೇ ಒರೆಸಿಗೆ ಹೋಗುತ್ತದೆ.

ಗಾಳಗಾರ

ಟೇಪ್ ಅಂಟಿಸಿದೆ, ಗಡಗಡ ನಿಂತಿತು. ಡಬ್ಬಿಯಲ್ಲಿ ಸ್ವಲ್ಪ ಉಳಿದಿದೆ, ಇಟ್ಟರೆ ಹೇಗೂ ಗಟ್ಟಿಯಾಗುತ್ತದೆ. ಟ್ರೇಲರ್ ಮೇಲೆ ಬೋಟ್ ಕೂರುವ ಹಲಗೆಗಳ ಕಾರ್ಪೆಟ್ಟೂ ಹಾಳಾಗಿದೆ. ಅದಕ್ಕೂ ಇದನ್ನೇ ಬಳಿದುಬಿಡಲಾ?

ಹಳೇ ಹುಟ್ಟು

ಅಯ್ಯೋ ಬೇಡ ಮಾರಾಯ್ರೆ! ಅಲ್ಲಿ ಬೋಟ್ ಜಾರಲೇಬೇಕು. ಒರಟು ಕೋಟಿಂಗ್ ಹಾಕಿದರೆ ಪ್ರತಿ ಸಲ ಇಳಿಸುವಾಗ ತಳದ ಪೇಂಟ್ ತಿಕ್ಕಿಕೊಂಡು ಹೋಗುತ್ತದೆ. ಅಲ್ಲಿಗೆ ಹೊಸ ಕಾರ್ಪೆಟ್ಟೇ ಹಾಕಿ, ಇಲ್ಲ ನುಣುಪು ಪ್ಲಾಸ್ಟಿಕ್ ಪಟ್ಟಿ ಹಾಕಿ. ಪ್ಲಾಸ್ಟಿಕ್ ಆದರೆ ಬೋಟ್ ಬಹಳ ಸಲೀಸಾಗಿ ಜಾರುತ್ತದೆ, ನೀರಿಗೆ ಇಳಿಸುವ ತನಕ ಮುಂದಿನ ಕೊಂಡಿ ಬಿಚ್ಚಬೇಡಿ. ಉಳಿದ ಕೋಟಿಂಗನ್ನು ಟ್ರೇಲರ್‌ನಲ್ಲಿ ನೀವು ಕಾಲಿಡುವ ಮೆಟ್ಟಿಲಿಗೆ ಬಳಿಯಿರಿ.